ಮೂರನೆಯ ರಾತ್ರಿ ಅಲ್ಲಿ ಯಾರಿರುತ್ತಾರೆ?

ಪ್ರಶ್ನೆ: ನನ್ನ ತಮ್ಮನಿಗೆ 41 ವರ್ಷ. ರಾಜಾಜಿನಗರದ ನಮ್ಮ ಮನೆಯ ಮೇಲಿನ ಮಹಡಿಯಲ್ಲೇ ಇದ್ದಾನೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ. ಹದಿನಾಲ್ಕು ವರ್ಷದಿಂದ ಕುಡಿಯುತ್ತಿದ್ದಾನೆ. ಎರಡು ವರ್ಷದಿಂದ ಬೆಳಗ್ಗೆ ಎದ್ದ ಕೂಡಲೇ ಬೇಕು, ಇಲ್ಲದಿದ್ದರೆ ಕೈ ನಡುಗುತ್ತದೆ. ಕಳೆದ ವರ್ಷ ಅಯ್ಯಪ್ಪನ ಮಾಲೆ ಹಾಕಿಕೊಂಡು ಒಂದೇ ಸಲಕ್ಕೆ ನಿಲ್ಲಿಸಿದ. ಎರಡನೆಯ ದಿನ ಫಿಟ್ಸ್ ಬಂತು. ಹೇಗೋ ಉಳಿದುಕೊಂಡ, ವ್ರತವನ್ನೂ ಮುಗಿಸಿದ. ಮಾಲೆ ತೆಗೆದ ವಾರದಲ್ಲೇ ಮತ್ತೆ ಶುರು. ಈಗ ಅವನೇ 'ಎಲ್ಲಾದರೂ ಸೇರಿಸಿ' ಎನ್ನುತ್ತಿದ್ದಾನೆ. ಪಕ್ಕದ ಮನೆಯವರು ಕ್ರೈಸ್ತ ಸಿಸ್ಟರ್‌ಗಳು ನಡೆಸುವ ಆಸ್ಪತ್ರೆಯೊಂದನ್ನು ಹೇಳಿದ್ದಾರೆ. ಅಲ್ಲಿ ಮನೋರೋಗಕ್ಕೂ ಕುಡಿತಕ್ಕೂ ವಾರ್ಡ್ ಇದೆಯಂತೆ. ಅಮ್ಮನಿಗೆ ಭಯ, ಮತ ಬದಲಿಸಿಬಿಡುತ್ತಾರೆ ಎಂದು. ನಿಮ್ಹಾನ್ಸ್ ಎಂದರೆ ನನ್ನ ಗಂಡ 'ಹುಚ್ಚಾಸ್ಪತ್ರೆಯೇ?' ಎನ್ನುತ್ತಾರೆ. ಊರಾಚೆಯ ಒಂದು ಕೇಂದ್ರದವರು ತಾವೇ ವ್ಯಾನ್ ತಂದು ಎತ್ತಿಕೊಂಡು ಹೋಗುತ್ತೇವೆ, ಆರು ತಿಂಗಳು ನೋಡಲು ಬರಬೇಡಿ ಎಂದರು. ಚಿಕ್ಕಮ್ಮನ ಮಗ ಅನ್ನದಲ್ಲಿ ಬೆರೆಸುವ ಪುಡಿ ತಂದುಕೊಟ್ಟಿದ್ದಾನೆ. ದೇವರನ್ನು ನಂಬಿದವರು ಈ ಆಸ್ಪತ್ರೆಗಳನ್ನೆಲ್ಲ ಯಾಕೆ ಕಟ್ಟಿದರು? ಅಲ್ಲಿ ಕೊಡುವುದು ಔಷಧವೋ ಪ್ರಾರ್ಥನೆಯೋ? ಇನ್ನೊಂದು: ಅಮ್ಮ ಮಲೆ ಮಹದೇಶ್ವರನಿಗೆ ಹರಕೆ ಹೊತ್ತಿದ್ದಾರೆ. ಅವನನ್ನು ಮೊದಲು ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕೇ?

ಉತ್ತರ:

ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ ಮಾತು ಒಂದೇ, 'ಎರಡನೆಯ ದಿನ ಫಿಟ್ಸ್ ಬಂತು' ಎನ್ನುವುದು. ಮತ, ಮರ್ಯಾದೆ, ಹರಕೆ ಎಲ್ಲವೂ ಅದರ ನಂತರ. ಆದ್ದರಿಂದ ಅದನ್ನು ಮೊದಲು ಹೇಳಿ, ಆಮೇಲೆ ನೀವು ಕೇಳಿದ ಚರಿತ್ರೆಗೆ ಬರುತ್ತೇನೆ.

ಒಂದು ಬಾಗಿಲನ್ನು ಆಚೆಯಿಂದ ಯಾರೋ ವರ್ಷಗಟ್ಟಲೆ ತಳ್ಳುತ್ತಿದ್ದಾರೆ ಎಂದುಕೊಳ್ಳಿ. ಈಚೆ ಇರುವವನು ಬಾಗಿಲು ತೆರೆಯದಂತೆ ಮೈಭಾರವನ್ನೆಲ್ಲ ಹಾಕಿ ಒತ್ತಿ ನಿಂತಿರುತ್ತಾನೆ. ಆಚೆಯವನು ತಟ್ಟನೆ ಸರಿದರೆ ಈಚೆಯವನು ಮುಗ್ಗರಿಸಿ ಬೀಳುತ್ತಾನೆ. ಮದ್ಯ ಮಿದುಳನ್ನು ಮಂಕುಗೊಳಿಸುತ್ತದೆ. ಆ ಮಂಕಿನಲ್ಲೂ ಕೆಲಸ ಮಾಡಬೇಕಾದ ಮಿದುಳು ತನ್ನನ್ನು ತಾನೇ ಕೆರಳಿಸಿಕೊಂಡು ಎಚ್ಚರವಾಗಿರಲು ಕಲಿಯುತ್ತದೆ. ಒಂದು ದಿನ ಮದ್ಯ ಇಲ್ಲವಾದಾಗ ಉಳಿಯುವುದು ಆ ಕೆರಳಿಕೆ ಮಾತ್ರ. ಮೊದಲ ದಿನ ನಡುಕ, ಬೆವರು, ವಾಂತಿ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಎರಡರಿಂದ ನಾಲ್ಕು ದಿನಗಳ ನಡುವೆ, ಎಲ್ಲರಿಗೂ ಅಲ್ಲ, ಕೆಲವರಿಗೆ ಸನ್ನಿ ಹಿಡಿಯುತ್ತದೆ. ನಾವು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತೇವೆ. ಒಮ್ಮೆ ಫಿಟ್ಸ್ ಬಂದವರಿಗೆ ಮುಂದಿನ ಸಲವೂ ಬರುವ ಸಂಭವ ಹೆಚ್ಚು.

ನಾನು ಕಿರಿಯ ವೈದ್ಯನಾಗಿದ್ದಾಗ ರಾತ್ರಿ ಪಾಳಿಯಲ್ಲಿ ಕಂಡ ಒಬ್ಬ ಬಸ್ ಕಂಡಕ್ಟರ್ ಇನ್ನೂ ನೆನಪಿದ್ದಾರೆ. ಸೇರಿಸಿ ಮೂರನೆಯ ರಾತ್ರಿ. ಹಾಸಿಗೆಗಳ ನಡುವೆ ಓಡಾಡುತ್ತ, ಇಲ್ಲದ ಟಿಕೆಟನ್ನು ಹರಿದು ಕೊಡುತ್ತ, 'ಕಾರ್ಪೊರೇಷನ್, ಟೌನ್ ಹಾಲ್, ಮಾರ್ಕೆಟ್' ಎಂದು ಕೂಗುತ್ತಿದ್ದರು. ಇಡೀ ವಾರ್ಡು ನಗುತ್ತಿತ್ತು. ಮುಟ್ಟಿ ನೋಡಿದರೆ ಮೈ ಕೆಂಡದಂತೆ ಸುಡುತ್ತಿತ್ತು, ನಾಡಿ ಎಣಿಸಲಾಗದಷ್ಟು ವೇಗ. ಚಿಕಿತ್ಸೆ ಇಲ್ಲದೆ ಹೋದರೆ ಅದು ಪ್ರಾಣ ತೆಗೆಯುವ ಸ್ಥಿತಿ. ಅವರು ಬದುಕಿದ್ದು ಮಿದುಳಿನ ಕೆರಳಿಕೆಯನ್ನು ತಗ್ಗಿಸುವ ಲೋರಾಜೆಪಾಮ್‌ನಿಂದ, ಥಯಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದಿನಿಂದ ಮತ್ತು ಅರ್ಧ ಗಂಟೆಗೊಮ್ಮೆ ಎದ್ದು ಬಂದು ನೋಡುತ್ತಿದ್ದ ಒಬ್ಬ ನರ್ಸ್‌ನಿಂದ. ಆ ನರ್ಸ್ ಯಾವ ದೇವರನ್ನು ಪೂಜಿಸುತ್ತಿದ್ದರೋ ನಾನು ಕೇಳಲಿಲ್ಲ.

ಹಾಗಾಗಿ ನೀವು ಹೇಳಿದ ಪ್ರತಿಯೊಂದು ಜಾಗದ ಬಗ್ಗೆಯೂ ನಾನು ಕೇಳುವ ಮೊದಲ ಪ್ರಶ್ನೆ: ಮೂರನೆಯ ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿರುತ್ತಾರೆ?

ಈಗ ಚರಿತ್ರೆ. ನಿಮ್ಮ ಅಮ್ಮನ ಭಯಕ್ಕೂ ನಿಮ್ಮ ಪಕ್ಕದ ಮನೆಯವರ ಭರವಸೆಗೂ ಅದರಲ್ಲಿ ಆಧಾರವಿದೆ.

ಮನಸ್ಸು ಕೆಟ್ಟವರಿಗೆಂದು ಮೊದಲು ಸೂರು ಕಟ್ಟಿದವರಲ್ಲಿ ಬಹಳಷ್ಟು ಮಂದಿ ಧರ್ಮದವರೇ. ಕೈರೋದಲ್ಲಿ 13ನೇ ಶತಮಾನದಲ್ಲಿ ವಕ್ಫ್ ಹಣದಿಂದ ನಡೆದ ಮನ್ಸೂರಿ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ಸ್ಪೇನಿನ ವೆಲೆನ್ಸಿಯಾದಲ್ಲಿ 1409ರಲ್ಲಿ ಜೋಫ್ರೆ ಎಂಬ ಪಾದ್ರಿ ಚರ್ಚಿಗೆ ಹೋಗುವ ದಾರಿಯಲ್ಲಿ ಹುಚ್ಚನೊಬ್ಬನನ್ನು ಹುಡುಗರು ಹೊಡೆಯುತ್ತಿದ್ದುದನ್ನು ಕಂಡು, ಅಂದಿನ ಪ್ರವಚನದಲ್ಲಿ ಅದನ್ನೇ ಎತ್ತಿಕೊಂಡ. ಮುಂದಿನ ವರ್ಷ ಅಲ್ಲಿ ಆಸ್ಪತ್ರೆ ಎದ್ದಿತು. ಆದರೆ ಧರ್ಮ ಕಟ್ಟಿತು ಎಂದ ಮಾತ್ರಕ್ಕೆ ಒಳ್ಳೆಯದಾಗಿಯೇ ಉಳಿಯಿತು ಎಂದಲ್ಲ. ಲಂಡನ್ನಿನ ಬೆಥ್ಲೆಮ್ 1247ರಲ್ಲಿ ಕ್ರೈಸ್ತ ಮಠವಾಗಿಯೇ ಶುರುವಾದದ್ದು. ಕೆಲವು ಶತಮಾನ ಕಳೆಯುವಷ್ಟರಲ್ಲಿ ಅಲ್ಲಿ ರೋಗಿಗಳು ಸರಪಳಿಯಲ್ಲಿದ್ದರು, ಊರಿನವರು ಕಾಸು ಕೊಟ್ಟು ಒಳಗೆ ಹೋಗಿ ಅವರನ್ನು ನೋಡಿ ನಗುತ್ತಿದ್ದರು. ಅದರ ಹೆಸರು 'ಬೆಡ್‌ಲಮ್' ಎಂದಾಗಿ, ಗದ್ದಲಕ್ಕೆ ಇಂಗ್ಲಿಷಿನಲ್ಲಿ ಪರ್ಯಾಯ ಪದವಾಗಿಬಿಟ್ಟಿತು.

ನನಗೆ ಇಷ್ಟವಾದ ಕಥೆ ಇಂಗ್ಲೆಂಡಿನ ಯಾರ್ಕ್ ಊರಿನದು. 1790ರಲ್ಲಿ ಹ್ಯಾನಾ ಮಿಲ್ಸ್ ಎಂಬ ವಿಧವೆ ಅಲ್ಲಿನ ಹುಚ್ಚಾಸ್ಪತ್ರೆಗೆ ಸೇರಿ ಕೆಲವೇ ವಾರಗಳಲ್ಲಿ ತೀರಿಹೋದಳು. ಆಕೆ ಕ್ವೇಕರ್ ಎಂಬ ಕ್ರೈಸ್ತ ಪಂಥದವಳು. ನೋಡಲು ಹೋದ ಪಂಥದವರನ್ನು ಆಸ್ಪತ್ರೆಯವರು ಬಾಗಿಲಲ್ಲೇ ತಡೆದಿದ್ದರು. ಒಳಗೆ ಏನಾಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ವಿಲಿಯಂ ಟ್ಯೂಕ್ ಎಂಬ ಚಹಾ, ಕಾಫಿ ವ್ಯಾಪಾರಿ, ವೈದ್ಯನೇ ಅಲ್ಲದವನು, ನಮ್ಮವರಿಗೆ ನಾವೇ ಒಂದು ಜಾಗ ಮಾಡೋಣ ಎಂದು ಹಣ ಕೂಡಿಸಿದ. 1796ರಲ್ಲಿ 'ರಿಟ್ರೀಟ್' ತೆರೆಯಿತು. ಸರಪಳಿ ಇಲ್ಲ, ಹೊಡೆತ ಇಲ್ಲ. ತೋಟದ ಕೆಲಸ, ಹೊಲಿಗೆ, ಮೇಜಿನ ಮುಂದೆ ಮನುಷ್ಯರಂತೆ ಕೂತು ಚಹಾ. ಆ ಕಾಲದ ವೈದ್ಯರ ಹತ್ತಿರ ರಕ್ತ ತೆಗೆಯುವುದು, ಭೇದಿ ಮಾಡಿಸುವುದು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಹಾಗಾಗಿ ಕರುಣೆಯೇ ಅಂದಿನ ಅತ್ಯುತ್ತಮ ಚಿಕಿತ್ಸೆಯಾಯಿತು. ಈ ಮಾದರಿ 1817ರಲ್ಲಿ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಯಿತು. 1910ರಲ್ಲಿ ಮಿಷಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಡಚ್ ಮೂಲದ ರಿಫಾರ್ಮ್ಡ್ ಪಂಥದ ಕ್ರೈಸ್ತರು ಇದೇ ಬಗೆಯ ಸಂಕಲ್ಪದಿಂದ ಶುರುಮಾಡಿದ ಮನೋರೋಗದ ಆಸ್ಪತ್ರೆ ಇಂದು ಪೈನ್ ರೆಸ್ಟ್ ಎಂಬ ಹೆಸರಿನಲ್ಲಿ ದೊಡ್ಡ ಸಂಸ್ಥೆಯಾಗಿ, ವ್ಯಸನದ ಚಿಕಿತ್ಸೆಯನ್ನೂ ಕೊಡುತ್ತಿದೆ.

ಹ್ಯಾನಾಳ ಸಾವಿನಲ್ಲಿ ನೀವು ಗಮನಿಸಬೇಕಾದದ್ದು ಆ ಮುಚ್ಚಿದ ಬಾಗಿಲು. 'ಆರು ತಿಂಗಳು ನೋಡಲು ಬರಬೇಡಿ' ಎನ್ನುವ ನಿಮ್ಮ ವ್ಯಾನಿನವರ ಬಗ್ಗೆ ನನ್ನ ಅಭಿಪ್ರಾಯ ಇದರಲ್ಲೇ ಇದೆ.

ಕುಡಿತ ಈ ಕಥೆಯೊಳಗೆ ಬಂದದ್ದು ತಡವಾಗಿ. ಬಹಳ ಕಾಲ ಅದು ರೋಗವೆಂದೇ ಹೆಚ್ಚಿನವರು ಒಪ್ಪಿರಲಿಲ್ಲ. ಎಷ್ಟೋ ಆಸ್ಪತ್ರೆಗಳು ಕುಡುಕರನ್ನು ಒಳಗೆ ಬಿಡುತ್ತಿರಲಿಲ್ಲ. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವನೂ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನೂ ಸೇರಿ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನು, ನಾವು ಎಎ ಎಂದು ಕರೆಯುವ, ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಕೂಟವನ್ನು, ಶುರುಮಾಡಿದರು. ಇಬ್ಬರೂ ಕುಡಿತಕ್ಕೆ ಸಿಕ್ಕಿ ನಲುಗಿದವರು. ಆದರೆ ನಡುಗುತ್ತಿರುವವನನ್ನು ಮಲಗಿಸಲು ಹಾಸಿಗೆ ಬೇಕಲ್ಲ. ಏಕ್ರನ್ನಿನ ಸೇಂಟ್ ಥಾಮಸ್ ಕ್ಯಾಥೊಲಿಕ್ ಆಸ್ಪತ್ರೆಯಲ್ಲಿ ರೋಗಿಗಳನ್ನು ದಾಖಲು ಮಾಡಿಕೊಳ್ಳುವ ಕೆಲಸದಲ್ಲಿದ್ದ ಸಿಸ್ಟರ್ ಇಗ್ನೇಷಿಯಾ 1939ರಲ್ಲಿ ಬಾಬ್‌ನ ರೋಗಿಯೊಬ್ಬನನ್ನು 'ಜಠರದ ತೀವ್ರ ಉರಿಯೂತ' ಎಂದು ಬರೆದುಕೊಂಡು ಒಳಗೆ ಸೇರಿಸಿಕೊಂಡರು. ಬೇರೆಯವರ ಕಣ್ಣಿಗೆ ಬೀಳದಿರಲೆಂದು ಅವನನ್ನು ಇರಿಸಿದ್ದು ರೋಗಿಗಳಿಗೆ ಬಂದ ಹೂಗುಚ್ಛಗಳಿಗೆ ನೀರು ಹಾಕಿಡುವ ಕೋಣೆಯಲ್ಲಿ. ಕಾಗದದ ಮೇಲೆ ಅದು ಸುಳ್ಳು. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ ಎನ್ನಿಸುತ್ತದೆ.

ಆ ಸಿಸ್ಟರ್ ಇನ್ನೊಂದು ಕೆಲಸ ಮಾಡುತ್ತಿದ್ದರು. ಬಿಡುಗಡೆಯ ದಿನ ಪ್ರತಿಯೊಬ್ಬನ ಕೈಗೂ ಯೇಸುವಿನ ಹೃದಯದ ಚಿತ್ರವಿರುವ ಒಂದು ಸಣ್ಣ ಬಿಲ್ಲೆ ಕೊಟ್ಟು, 'ಮತ್ತೆ ಕುಡಿಯಬೇಕೆನಿಸಿದರೆ ಮೊದಲ ಗುಟುಕಿಗೆ ಮುಂಚೆ ಬಂದು ಇದನ್ನು ನನಗೆ ಹಿಂದಿರುಗಿಸಬೇಕು' ಎಂದು ಮಾತು ತೆಗೆದುಕೊಳ್ಳುತ್ತಿದ್ದರು. ನಿಮ್ಮ ತಮ್ಮನ ಮಾಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಾಲೆ ಅವನನ್ನು ವ್ರತ ಮುಗಿಯುವವರೆಗೂ ಹಿಡಿದು ನಿಲ್ಲಿಸಿತು. ಅದು ಸಣ್ಣ ಮಾತಲ್ಲ. ಗುರುಸ್ವಾಮಿ, ಜೊತೆಗಾರರು, ಬೆಳಗಿನ ತಣ್ಣೀರು, ಸಂಜೆಯ ಭಜನೆ, ಎಲ್ಲರೂ 'ಸ್ವಾಮಿ' ಎಂದು ಕರೆಯುವ ಗೌರವ, ಇವೆಲ್ಲ ಸೇರಿ ಅವನಿಗೆ ಒಂದು ವಾರ್ಡನ್ನೇ ಕಟ್ಟಿಕೊಟ್ಟವು. ಆದರೆ ಮಾಲೆಗೆ ಮುಗಿಯುವ ದಿನ ಮೊದಲೇ ನಿಗದಿಯಾಗಿತ್ತು, ಬಿಲ್ಲೆಗೆ ಹಾಗಿರಲಿಲ್ಲ. ಬಿಲ್ಲೆಯನ್ನು ಹಿಂದಿರುಗಿಸಲು ಒಬ್ಬ ಮನುಷ್ಯಳ ಎದುರು ಬಂದು ನಿಲ್ಲಬೇಕಿತ್ತು. ಮಾಲೆ ತೆಗೆದ ಮರುದಿನ ನಿಮ್ಮ ತಮ್ಮನನ್ನು ಯಾರೂ ಕೇಳಲಿಲ್ಲ. ಹಾಗಾಗಿ 'ಅವನಲ್ಲಿ ಮನೋಬಲವೇ ಇಲ್ಲ' ಎಂದು ಮನೆಯಲ್ಲಿ ಯಾರಾದರೂ ಹೇಳುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಫಿಟ್ಸ್ ಬಂದ ಮೇಲೂ ವ್ರತ ಮುಗಿಸಿದವನಿಗೆ ಮನೋಬಲದ ಕೊರತೆ ಇಲ್ಲ.

ನಮ್ಮ ದೇಶದಲ್ಲಿ ಇಂಥ ಆಸ್ಪತ್ರೆಗಳಲ್ಲಿ ಎರಡನ್ನು ಹೇಳುತ್ತೇನೆ. ಲಖನೌದ ನೂರ್ ಮಂಜಿಲ್ ಅನ್ನು 1950ರಲ್ಲಿ ಸ್ಥಾಪಿಸಿದವರು ಸ್ಟಾನ್ಲಿ ಜೋನ್ಸ್ ಎಂಬ ಮೆಥಡಿಸ್ಟ್ ಮಿಷನರಿ. ಭಾರತಕ್ಕೆ ಬಂದ ಮೊದಲ ವರ್ಷಗಳಲ್ಲಿ ಅವರೇ ಮನಸ್ಸು ಕುಸಿದು ಮತ್ತೆ ಮತ್ತೆ ಹಾಸಿಗೆ ಹಿಡಿದವರು. ಲಖನೌದಲ್ಲಿ ಪ್ರಾರ್ಥನೆಯ ಹೊತ್ತಿನಲ್ಲಿ ತಾವು ಗುಣವಾದೆವೆಂದು ನಂಬಿದ್ದರು. ತನಗೆ ಪ್ರಾರ್ಥನೆಯಿಂದ ವಾಸಿಯಾಯಿತು ಎಂದವರು ಬೇರೆಯವರಿಗಾಗಿ ಕಟ್ಟಿಸಿದ್ದು ಮನೋವೈದ್ಯರಿರುವ ಆಸ್ಪತ್ರೆಯನ್ನು. ಇದನ್ನು ನಿಮ್ಮ ಅಮ್ಮನಿಗೆ ಹೇಳಿ. ಎರಡನೆಯದು ವೆಲ್ಲೂರಿನ ಸಿಎಂಸಿ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ಅಲ್ಲಿನ ಮಾನಸಿಕ ಆರೋಗ್ಯ ಕೇಂದ್ರ 1957ರಲ್ಲಿ ತೆರೆದಾಗಿನಿಂದ ರೋಗಿಯ ಜೊತೆ ಮನೆಯವರೂ ಉಳಿಯುವುದು ಅಲ್ಲಿನ ಪದ್ಧತಿ. ಯಾರ್ಕಿನ ಆ ಮುಚ್ಚಿದ ಬಾಗಿಲಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಬೆಂಗಳೂರಿನಲ್ಲೇ ಹೇಳುವುದಾದರೆ ಕೋರಮಂಗಲದ ಸೇಂಟ್ ಜಾನ್ಸ್ ಕ್ಯಾಥೊಲಿಕ್ ಸಂಸ್ಥೆಯ ವೈದ್ಯಕೀಯ ಕಾಲೇಜು. ಅಲ್ಲಿನ ಮನೋವೈದ್ಯ ವಿಭಾಗದಲ್ಲಿ ಓದುವ ಪುಸ್ತಕಗಳೂ ಕೊಡುವ ಮಾತ್ರೆಗಳೂ ಸರ್ಕಾರಿ ಆಸ್ಪತ್ರೆಯಲ್ಲಿ ಇರುವಂಥವೇ.

ಕರಾಳ ಪುಟವನ್ನೂ ಹೇಳದೆ ಇರಲಾರೆ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸುತ್ತ ಖಾಸಗಿಯವರು ನಡೆಸುತ್ತಿದ್ದ 'ಮನೋರೋಗಿಗಳ ಮನೆ'ಗಳಲ್ಲಿ ಒಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಓಡಲಾಗಲಿಲ್ಲ. 28 ಮಂದಿ ಸತ್ತರು. ಜನ ಅಲ್ಲಿಗೆ ಬರುತ್ತಿದ್ದುದು ನಂಬಿಕೆಯಿಂದ. ಅವರನ್ನು ಕೊಂದದ್ದು ಆ ನಂಬಿಕೆಯ ನೆರಳಿನಲ್ಲಿ ನಡೆದ ವ್ಯಾಪಾರ. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಇಂದಿನ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರದ್ದು, ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿ ಹಾಕಿ ಕಟ್ಟುವುದನ್ನು ನಿಷೇಧಿಸುತ್ತದೆ. ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳೂ ಅದರ ವ್ಯಾಪ್ತಿಯಲ್ಲಿವೆ. ಅಂದರೆ ಇಂಥವರನ್ನು ದಾಖಲು ಮಾಡಿಕೊಂಡು ಇರಿಸಿಕೊಳ್ಳುವ ಕೇಂದ್ರ ನೋಂದಣಿ ಮಾಡಿಸಿರಬೇಕು. ದೊಡ್ಡವನಾದ ಮನುಷ್ಯನನ್ನು ಅವನ ಒಪ್ಪಿಗೆ ಇಲ್ಲದೆ ಸೇರಿಸಲು ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಆಗಲೂ ಮೊದಲ ಅವಧಿ 30 ದಿನ ಮೀರುವಂತಿಲ್ಲ. ವ್ಯಾನಿನಲ್ಲಿ ಎತ್ತಿಕೊಂಡು ಹೋಗಿ ಆರು ತಿಂಗಳು ಬಾಗಿಲು ಹಾಕುವುದಕ್ಕೆ ಇದರಲ್ಲಿ ಎಲ್ಲಿಯೂ ಜಾಗವಿಲ್ಲ. ಅದರ ಮೇಲೆ ನಿಮ್ಮ ತಮ್ಮ ತಾನೇ ಬರುತ್ತೇನೆ ಎನ್ನುತ್ತಿದ್ದಾನೆ. ಬರುತ್ತೇನೆ ಎನ್ನುವವನನ್ನು ಎತ್ತಿಕೊಂಡು ಹೋಗಿ, ಅವನ ಆ ಒಂದು ಇಚ್ಛೆಯನ್ನು ಯಾಕೆ ಹಾಳುಮಾಡುತ್ತೀರಿ?

ಇನ್ನು ಪುಡಿ. ಆಟೋ ಹಿಂದೆ, ಬಸ್ ನಿಲ್ದಾಣದ ಗೋಡೆಯ ಮೇಲೆ 'ಗೊತ್ತಾಗದಂತೆ ಕುಡಿತ ಬಿಡಿಸಿ' ಎಂಬ ಚೀಟಿ ನೀವೂ ನೋಡಿರುತ್ತೀರಿ. ಇಂಥ ಪುಡಿಗಳಲ್ಲಿ ಏನಿದೆ ಎಂದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಒಳಗೆ ಡೈಸಲ್ಫಿರಾಮ್ ಇದ್ದರೆ ಅಪಾಯ. ಅದು ಒಳ್ಳೆಯ ಔಷಧವೇ. 1940ರ ದಶಕದಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಹುಳುವಿನ ಔಷಧವಾದೀತೇ ಎಂದು ತಾವೇ ನುಂಗಿ ನೋಡಿ, ಆಮೇಲೆ ಮದ್ಯ ಮುಟ್ಟಿದಾಗ ಮೈಯೆಲ್ಲ ಕೆಂಪೇರಿ ಒದ್ದಾಡಿದ್ದರಿಂದ ಅದರ ಈ ಗುಣ ಗೊತ್ತಾಯಿತು. ತಿಳಿದು ತೆಗೆದುಕೊಳ್ಳುವವನು ಕುಡಿಯದೆ ಇರುತ್ತಾನೆ, ಔಷಧದ ಕೆಲಸವೇ ಅದು. ತಿಳಿಯದವನು ಎಂದಿನಂತೆ ಕುಡಿಯುತ್ತಾನೆ. ರಕ್ತದೊತ್ತಡ ಕುಸಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೆಲವರು ತುರ್ತು ಚಿಕಿತ್ಸಾ ಘಟಕಕ್ಕೆ ಬರುತ್ತಾರೆ, ಕೆಲವರು ಬರುವಷ್ಟರಲ್ಲಿ ತಡವಾಗಿರುತ್ತದೆ. ಆ ಪುಡಿಯನ್ನು ಇಂದೇ ಎಸೆಯಿರಿ. ಅದನ್ನು ಬೆರೆಸಿದ್ದು ಒಂದು ದಿನ ಅವನಿಗೆ ತಿಳಿದರೆ ನಿಮ್ಮ ಕೈಯ ಅನ್ನವನ್ನು ಅವನು ಮತ್ತೆ ನಂಬುವುದಿಲ್ಲ.

ಪ್ರಾರ್ಥನೆಯೋ ಔಷಧವೋ ಎಂದು ಕೇಳಿದ್ದೀರಿ. ದಿನಗಳ ಲೆಕ್ಕದಲ್ಲಿ ಹೇಳುತ್ತೇನೆ. ಮೊದಲ ವಾರ, ಹತ್ತು ದಿನ ಔಷಧದ್ದೇ. ಅಲ್ಲಿ ಭಜನೆಗೂ ಜಪಮಾಲೆಗೂ ಕೆಲಸವಿಲ್ಲ. ಬೇಡವೆಂದಲ್ಲ, ಫಿಟ್ಸ್ ತಡೆಯುವ ಶಕ್ತಿ ಅವಕ್ಕಿಲ್ಲ. ಆಮೇಲಿನ ತಿಂಗಳುಗಳಲ್ಲಿ ಲೆಕ್ಕ ಬದಲಾಗುತ್ತದೆ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂತಹ ಮಾತ್ರೆಗಳು ಹಂಬಲವನ್ನು ತಗ್ಗಿಸುತ್ತವೆ, ಆದರೆ ಭಾನುವಾರ ಸಂಜೆ ಎಲ್ಲಿಗೆ ಹೋಗಬೇಕು ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಜನ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಜಾಲಾಡಿ ನೋಡಿದಾಗ, ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಎಎಗೆ ಸೇರಿಸುವ ಕ್ರಮಬದ್ಧ ಚಿಕಿತ್ಸೆ ಇತರ ಚಿಕಿತ್ಸೆಗಳಿಗಿಂತ ಮೇಲಾಗಿಯೇ ಕಂಡಿತು. ಎಎ 'ದೇವರು' ಎನ್ನುತ್ತದೆ, 'ನಾವು ಅರಿತಂತೆ' ಎಂದು ಸೇರಿಸುತ್ತದೆ. ನಮ್ಮ ಊರಿನ ಸಭೆಗಳಲ್ಲಿ ಆ ಜಾಗದಲ್ಲಿ ಮಂಜುನಾಥನನ್ನು ಇಟ್ಟುಕೊಂಡವರನ್ನೂ, ಯಾರನ್ನೂ ಇಟ್ಟುಕೊಳ್ಳದವರನ್ನೂ ನಾನು ಬಲ್ಲೆ.

ನನ್ನ ವೃತ್ತಿಯವರ ಮೂಗು ಕೊಂಚ ತಗ್ಗಿಸಿದ ಇನ್ನೊಂದು ಅಧ್ಯಯನವೂ ಇದೆ, ಅದು ನಮ್ಮ ನಿಮ್ಹಾನ್ಸ್‌ನವರದೇ. ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಉಳಿದುಕೊಂಡಿದ್ದ 31 ಮನೋರೋಗಿಗಳನ್ನು ಅವರು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಕೆಲವು ವಾರಗಳ ವಾಸದ ನಂತರ ರೋಗಲಕ್ಷಣದ ಅಂಕಗಳು ಸುಮಾರು ಶೇ 20ರಷ್ಟು ಇಳಿದಿದ್ದವು. ಅಲ್ಲಿನ ವಾತಾವರಣ ಬೆದರಿಸುವಂಥದ್ದಾಗಿರಲಿಲ್ಲ. ಮನೆಯವರು ಜೊತೆಗಿದ್ದರು, ದಿನಕ್ಕೊಂದು ಸಣ್ಣ ಕೆಲಸವಿತ್ತು. ಟ್ಯೂಕ್‌ನ ಯಾರ್ಕ್ ಅಲ್ಲವೇ ಇದು! ಆದರೆ ಅವರು ಮದ್ಯ ಬಿಡುತ್ತಿದ್ದವರಲ್ಲ ಎಂಬುದನ್ನು ಮರೆಯಬೇಡಿ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಎಂಟು ದಿನ ಒಟ್ಟಿಗೆ ಇರುವುದು, ಹೆಂಡತಿ ಮಕ್ಕಳನ್ನು ಕರೆಸುವುದು, ಮುಗಿದ ಮೇಲೆ ನವಜೀವನ ಸಮಿತಿಗಳಲ್ಲಿ ಸೇರುತ್ತಿರುವುದು, ಇವು ಅದರ ಬಲ. ನಿಮ್ಮ ತಮ್ಮನಿಗೆ ಅದು ಮೊದಲ ಹೆಜ್ಜೆಯಾಗಬಾರದು, ಎರಡನೆಯದಾಗಬಹುದು. ಹೋಗುವುದಾದರೆ ಫಿಟ್ಸ್ ಬಂದಿದ್ದ ವಿಷಯವನ್ನು ಸಂಘಟಕರಿಂದ ಮುಚ್ಚಿಡಬೇಡಿ.

ನಿಮ್ಹಾನ್ಸ್ ಬಗ್ಗೆ ನಿಮ್ಮ ಯಜಮಾನರಿಗೆ ಒಂದು ಮಾತು. ಅದು ಒಂದು ಕಾಲದಲ್ಲಿ ಬೆಂಗಳೂರಿನ ಹುಚ್ಚಾಸ್ಪತ್ರೆಯೇ ಆಗಿತ್ತು, ಸುಳ್ಳಲ್ಲ. 1925ರಲ್ಲೇ ಮೈಸೂರು ಸರ್ಕಾರ ಆ ಹೆಸರನ್ನು ತೆಗೆದು ಮಾನಸಿಕ ಆಸ್ಪತ್ರೆ ಎಂದಿತು. 1974ರಲ್ಲಿ ನಿಮ್ಹಾನ್ಸ್ ಆಯಿತು. ಸರ್ಕಾರ ನೂರು ವರ್ಷದ ಹಿಂದೆ ಬಿಟ್ಟ ಪದವನ್ನು ನಾವು ಮಾತ್ರ ಬಿಟ್ಟಿಲ್ಲ. ಅಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ, ಖರ್ಚು ಕಡಿಮೆ. ತೊಡಕೆಂದರೆ ಸಾಲು ಉದ್ದ, ಹಾಸಿಗೆ ಕೂಡಲೇ ಸಿಗದಿರಬಹುದು.

ಸಿಸ್ಟರ್‌ಗಳ ಆಸ್ಪತ್ರೆಗೆ ಸೇರಿಸಬಹುದೇ? ನೋಂದಣಿ ಇದ್ದು, ಮನೋವೈದ್ಯರು ದಿನಾ ಬರುತ್ತಿದ್ದು, ರಾತ್ರಿ ತರಬೇತಿ ಪಡೆದ ನರ್ಸ್ ಇದ್ದು, ಅಗತ್ಯ ಬಿದ್ದರೆ ತೀವ್ರ ನಿಗಾ ಘಟಕಕ್ಕೆ ಕಳಿಸುವ ಏರ್ಪಾಡಿದ್ದರೆ, ಧಾರಾಳವಾಗಿ. ಇದನ್ನೆಲ್ಲ ನಾಚಿಕೆಪಡದೆ ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ ಎದ್ದು ಬನ್ನಿ. ಬೆಳಗಿನ ಪ್ರಾರ್ಥನೆ ಕಡ್ಡಾಯವೇ ಎಂದು ಅಮ್ಮನ ಎದುರಿಗೇ ಕೇಳಿ. ಧರ್ಮದ ಆಧಾರದ ಮೇಲೆ ಭೇದ ಮಾಡದೆ ಚಿಕಿತ್ಸೆ ಪಡೆಯುವುದು ಕಾಯ್ದೆ ಕೊಟ್ಟ ಹಕ್ಕು. ಇಂಥ ಆಸ್ಪತ್ರೆಗಳಿಂದ ಬಂದ ನೂರಾರು ಹಿಂದೂ, ಮುಸ್ಲಿಂ ರೋಗಿಗಳನ್ನು ನಾನು ಆಮೇಲೆ ನೋಡಿಕೊಂಡಿದ್ದೇನೆ. ಅವರು ದೂರಿದ್ದು ಹೆಚ್ಚಾಗಿ ಊಟದಲ್ಲಿ ಖಾರ ಕಡಿಮೆ ಎಂದು.

ಸೇರಿಸುವ ದಿನದವರೆಗೆ ಮನೆಯಲ್ಲಿ ತಟ್ಟನೆ ನಿಲ್ಲಿಸುವಂತೆ ಒತ್ತಾಯಿಸಬೇಡಿ, ಅವನು ತಾನಾಗಿ ನಿಲ್ಲಿಸಲೂ ಬಿಡಬೇಡಿ. ಆದರೆ ಆ ದಿನವನ್ನು ಮುಂದೂಡಬೇಡಿ, ಇದೇ ವಾರವಾಗಲಿ. ಊಟ ಬಿಡಿಸಬೇಡಿ. ಫಿಟ್ಸ್, ಜ್ವರ, ಇಲ್ಲದ್ದು ಕಾಣುವುದು, ಊರು ದಿನ ಗೊತ್ತಾಗದಿರುವುದು, ಇವುಗಳಲ್ಲಿ ಒಂದು ಬಂದರೂ ಯಾವ ಆಸ್ಪತ್ರೆ ಎಂದು ಚರ್ಚಿಸದೆ ಹತ್ತಿರದ ತುರ್ತು ವಿಭಾಗಕ್ಕೆ 108ರಲ್ಲಿ ಹೊರಡಿ. ಮಾತಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಕನ್ನಡದಲ್ಲೂ ಸಿಗುತ್ತದೆ.

ಮಾದಪ್ಪನ ಬೆಟ್ಟಕ್ಕೆ ಖಂಡಿತ ಹೋಗಿ, ಹರಕೆ ತೀರಿಸಿ, ಆದರೆ ಮೊದಲು ಅಲ್ಲ. ಆಸ್ಪತ್ರೆಯಿಂದ ಬಂದು ಒಂದು ತಿಂಗಳು ಕಳೆಯಲಿ. ಆ ತಿರುವುಗಳ ಘಾಟಿಯಲ್ಲಿ, ನಿಲ್ಲಿಸಿ ಎರಡನೆಯ ದಿನದವನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುವುದನ್ನು ಊಹಿಸಲೂ ನನಗೆ ಇಷ್ಟವಿಲ್ಲ. ಹೋಗುವಾಗ ಮಾತ್ರೆಯ ಚೀಟಿ ಜೊತೆಗಿರಲಿ. ಹಿಂದಿರುಗಿದ ಮಾರನೆಯ ದಿನವೇ ವೈದ್ಯರ ಭೇಟಿ ಬೀಳುವಂತೆ ತಾರೀಖು ಮೊದಲೇ ಬರೆಸಿಕೊಂಡಿರಿ.